ಕಾಯಿಲೆ ಬಿದ್ದಾಗ ಮನಸ್ಸೇಕೆ ಮುದುಡುತ್ತದೆ?

ಜ್ವರ ಬಂದ ಮಗು ಊಟ ಬಿಡುತ್ತದೆ, ಆಟ ಬಿಡುತ್ತದೆ, ಮಾತೂ ಬಿಡುತ್ತದೆ. ಇದು ರೋಗಾಣುವಿನ ಗೆಲುವಲ್ಲ. ಸೋಮಾರಿತನವಂತೂ ಖಂಡಿತ ಅಲ್ಲ. ಶರೀರದ ಕಾವಲು ಪಡೆ ಮಿದುಳಿಗೆ ಕಳಿಸಿದ ಸಂದೇಶದ ಫಲ ಇದು.

ಪೂರ್ವಸಿದ್ಧತಾ ಪರೀಕ್ಷೆಗೆ ಇನ್ನು ನಾಲ್ಕೇ ದಿನ. ಹತ್ತನೇ ತರಗತಿಯ ಹುಡುಗ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಾನೆ. ಬೆಳಗಿನಿಂದ ಮೈ ಕೆಂಡದಂತೆ ಸುಡುತ್ತಿದೆ. ತಟ್ಟೆಯಲ್ಲಿಟ್ಟ ಇಡ್ಲಿ ಹಾಗೆಯೇ ಒಣಗಿದೆ. ದಿನವೂ ಜಗಳವಾಡುವ ತಂಗಿ ಬಂದು ಕೆಣಕಿದರೂ ಅವನು ಮಗ್ಗುಲು ಬದಲಿಸಿದನೇ ಹೊರತು ಬಾಯಿ ಬಿಡಲಿಲ್ಲ. ಟಿ.ವಿ.ಯಲ್ಲಿ ಕ್ರಿಕೆಟ್ ಪಂದ್ಯ ನಡೆದಿದೆ, ಅವನಿಗೆ ಅದೂ ಬೇಡ. ‘ಎರಡು ತುತ್ತಾದರೂ ತಿನ್ನು, ಶಕ್ತಿ ಬರುತ್ತೆ’ ಎಂದು ಅಮ್ಮನ ಗೋಗರೆತ. ‘ಜ್ವರ ಬಂದಿರೋದು ಮೈಗೆ ತಾನೆ, ತಲೆಗೇನಾಗಿದೆ? ಮಲಗಿಕೊಂಡೇ ಓದಬಹುದಲ್ಲ’ ಎಂದು ಅಪ್ಪನ ಗೊಣಗಾಟ. ಹುಡುಗ ಪುಸ್ತಕ ತೆರೆದೂ ನೋಡಿದ. ಒಂದೇ ಸಾಲನ್ನು ಐದು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಸುಮ್ಮಸುಮ್ಮನೆ ಅಳು ಬಂತು.

ಈ ದೃಶ್ಯ ಕಾಣದ ಮನೆ ಯಾವುದು? ಆದರೆ ಅಪ್ಪ ಕೇಳಿದ ಪ್ರಶ್ನೆಗೆ ವಿಜ್ಞಾನದ ಉತ್ತರ ಬೇರೆಯೇ ಇದೆ. ಜ್ವರ ತಲೆಗೂ ಬಂದಿದೆ. ಸರಿಯಾಗಿ ಹೇಳುವುದಾದರೆ, ಜ್ವರ ಹುಟ್ಟಿದ್ದೇ ತಲೆಯಲ್ಲಿ. ಹಸಿವು ಸತ್ತದ್ದು, ನಿದ್ದೆ ಎಳೆಯುತ್ತಿರುವುದು, ಯಾರೂ ಬೇಡ ಅನ್ನಿಸಿದ್ದು, ಪಾಠ ತಲೆಗೆ ಹತ್ತದೆ ಹೋದದ್ದು ಎಲ್ಲವೂ ಮಿದುಳು ಹೊರಡಿಸಿದ ಒಂದೇ ಅಪ್ಪಣೆಯ ಬೇರೆ ಬೇರೆ ಕಲಮುಗಳು. ಆ ಅಪ್ಪಣೆಗೆ ಅರ್ಜಿ ಹಾಕಿದ್ದು ರೋಗ ನಿರೋಧಕ ವ್ಯವಸ್ಥೆ. ವಿಜ್ಞಾನಿಗಳು ಇದನ್ನು ‘ರೋಗಕಾಲದ ವರ್ತನೆ’ ಎನ್ನುತ್ತಾರೆ.

ಇಲಿಗಳು ಹೇಳಿದ ಗುಟ್ಟು

ಬಹುಕಾಲ ವೈದ್ಯರೂ ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ರೋಗಾಣು ಮೈಯನ್ನು ಹಿಂಡುತ್ತದೆ, ಆದ್ದರಿಂದ ನಿಶ್ಶಕ್ತಿ. ನಿಶ್ಶಕ್ತಿಯಿಂದ ಹಸಿವಿಲ್ಲ, ಉತ್ಸಾಹವಿಲ್ಲ. ವಿವರಣೆ ಅಲ್ಲಿಗೆ ಮುಗಿಯುತ್ತಿತ್ತು.

ಇದು ಅಷ್ಟು ಸರಳವಲ್ಲ ಎಂದು ತೋರಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಮಿಲ್ಲರ್ ಮೊದಲಿಗರು. 1964ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವಾದರೂ ಜಾಣತನದ್ದು. ಸನ್ನೆಯೊಂದನ್ನು ಒತ್ತಿದರೆ ನೀರು ಸಿಗುತ್ತದೆ ಎಂದು ಕಲಿತಿದ್ದ ಇಲಿಗಳಿಗೆ ಅವರು ಬ್ಯಾಕ್ಟೀರಿಯಾದ ಹೊರಪೊರೆಯಿಂದ ತೆಗೆದ ವಿಷವಸ್ತುವನ್ನು ಚುಚ್ಚಿದರು. ಜೀವಂತ ರೋಗಾಣು ಒಂದೂ ಇರಲಿಲ್ಲ. ಆದರೂ ಇಲಿಗಳು ಕಾಯಿಲೆ ಬಿದ್ದಂತೆ ಮುದುಡಿದವು, ಸನ್ನೆ ಒತ್ತುವುದನ್ನು ಬಿಟ್ಟವು. ನಿಶ್ಶಕ್ತಿಯಿಂದ ಹೀಗಾಯಿತೆ? ಅದನ್ನು ತಿಳಿಯಲು ಮಿಲ್ಲರ್ ಇನ್ನೊಂದು ಉಪಾಯ ಹೂಡಿದರು. ಸದಾ ತಿರುಗುವ ಡ್ರಮ್ಮಿನೊಳಗೆ ಇಲಿಗಳನ್ನು ಬಿಟ್ಟರು. ಒಳಗಿದ್ದ ಇಲಿ ಓಡುತ್ತಲೇ ಇರಬೇಕು. ಸನ್ನೆ ಒತ್ತಿದರೆ ಮಾತ್ರ ಡ್ರಮ್ಮು ನಿಂತು ಸ್ವಲ್ಪ ಹೊತ್ತು ವಿಶ್ರಾಂತಿ. ಈಗ ನೋಡಿ, ಕಾಯಿಲೆಯ ಇಲಿಗಳು ಆರೋಗ್ಯವಾಗಿದ್ದಾಗಿಗಿಂತಲೂ ಹೆಚ್ಚು ಸಲ ಸನ್ನೆ ಒತ್ತಿದವು!

ಅಂದರೆ ಕೈಯಲ್ಲಿ ಶಕ್ತಿ ಇಲ್ಲವೆಂದಲ್ಲ. ಬೇಕುಗಳ ಪಟ್ಟಿಯೇ ಬದಲಾಗಿತ್ತು. ನೀರು ಕೆಳಕ್ಕಿಳಿದು ವಿಶ್ರಾಂತಿ ಮೊದಲ ಸ್ಥಾನಕ್ಕೆ ಏರಿತ್ತು. ಹಸಿದವನಿಗೆ ಅನ್ನ, ಹೆದರಿದವನಿಗೆ ಓಟ ಹೇಗೋ ಹಾಗೆ ರೋಗಿಗೆ ವಿಶ್ರಾಂತಿ. ಕಾಯಿಲೆ ಎಂಬುದು ಹಸಿವು, ಭಯಗಳಂತೆಯೇ ಮಿದುಳಿನ ಒಂದು ಸ್ಥಿತಿ.

ಲ್ಯಾಬಿನ ಇಲಿಗಳು ಏಕೆ, 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರು ನೆನಪಿಸಿಕೊಂಡರೂ ಸಾಕು. ಎಷ್ಟೋ ಜನರಿಗೆ ಮರುದಿನ ಜ್ವರ, ಮೈಕೈ ನೋವು, ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲ. ಲಸಿಕೆಯಿಂದ ಕೋವಿಡ್ ರೋಗ ಬರುವುದು ಸಾಧ್ಯವೇ ಇರಲಿಲ್ಲ. ಆ ಇಡೀ ದಿನದ ಸಂಕಟ ಅವರದೇ ರೋಗ ನಿರೋಧಕ ವ್ಯವಸ್ಥೆಯ ಕೆಲಸ. ಒಂದೆರಡು ದಿನದಲ್ಲಿ ಅದು ತಾನಾಗಿ ಇಳಿಯಿತು.

ಬಿಸಿ ಹುಡುಕಿ ಹೊರಟ ಇಗ್ವಾನಾ

ಇಷ್ಟೆಲ್ಲ ಸಂಕಟ ಕೊಡುವ ವ್ಯವಸ್ಥೆಯಿಂದ ಲಾಭವೇನು? ಈ ಪ್ರಶ್ನೆಗೆ ಒಂದು ಉತ್ತರ ಬಂದದ್ದು ಅಮೆರಿಕದ ಮರುಭೂಮಿಯ ಇಗ್ವಾನಾದಿಂದ. ಇದು ನಮ್ಮ ಓತಿಕ್ಯಾತದ ದೂರದ ಬಂಧು. ಇಂಥ ಶೀತರಕ್ತ ಪ್ರಾಣಿಗಳು ನಮ್ಮಂತೆ ಒಳಗಿನಿಂದಲೇ ಮೈ ಬಿಸಿ ಮಾಡಿಕೊಳ್ಳಲಾರವು. ಬಿಸಿ ಬೇಕೆಂದರೆ ಬಿಸಿಲಿಗೆ ಹೋಗಬೇಕು, ತಂಪು ಬೇಕೆಂದರೆ ನೆರಳಿಗೆ ಬರಬೇಕು. ಇವಕ್ಕೆ ಜ್ವರ ಬರುತ್ತದೆಯೆ?

ಮಿಷಿಗನ್ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಅವರ ಸಂಗಡಿಗರು 1974ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಬದಿ ಬಿಸಿ, ಒಂದು ಬದಿ ತಂಪಾಗಿದ್ದ ಗೂಡಿನಲ್ಲಿ ಬ್ಯಾಕ್ಟೀರಿಯಾ ಚುಚ್ಚಿಸಿಕೊಂಡ ಇಗ್ವಾನಾಗಳು ಬಿಸಿಯ ಕಡೆ ಹೆಚ್ಚು ಹೊತ್ತು ಕಳೆದು ಮೈಯ ಉಷ್ಣತೆಯನ್ನು ಸುಮಾರು 2 ಡಿಗ್ರಿ ಸೆಲ್ಸಿಯಸ್ ಏರಿಸಿಕೊಂಡವು. ನಡೆದುಕೊಂಡು ಹೋಗಿ ಜ್ವರ ತಂದುಕೊಂಡವು ಎನ್ನಿ! ಮರುವರ್ಷ ರೋಗ ತಗಲಿದ ಇಗ್ವಾನಾಗಳನ್ನು 34ರಿಂದ 42 ಡಿಗ್ರಿಯವರೆಗಿನ ಬೇರೆ ಬೇರೆ ಗೂಡುಗಳಲ್ಲಿ ಇರಿಸಿ ನೋಡಿದರು. ಬಿಸಿ ಗೂಡಿನಲ್ಲಿದ್ದವು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು, ತಂಪು ಗೂಡಿನವು ಹೆಚ್ಚಾಗಿ ಸತ್ತವು. 1976ರಲ್ಲಿ ಜ್ವರ ಇಳಿಸುವ ಔಷಧ ಕೊಟ್ಟು ನೋಡಿದಾಗ, ಔಷಧದಿಂದ ಬಿಸಿ ಹುಡುಕುವುದನ್ನು ಮರೆತವು ಸಾವಿಗೀಡಾದವು. ಜ್ವರ ಎಂಬುದು ಯಂತ್ರ ಕೆಟ್ಟ ಗುರುತಲ್ಲ, ಅದೊಂದು ಆಯುಧ ಎಂಬುದು ಸ್ಪಷ್ಟವಾಯಿತು.

ಆದರೆ ಈ ಆಯುಧ ದುಬಾರಿ. ಮನುಷ್ಯನ ಮೈ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಶರೀರದ ಇಂಧನ ಖರ್ಚು ಶೇಕಡಾ 10ರಿಂದ 12ರಷ್ಟು ಹೆಚ್ಚುತ್ತದೆ. ಈ ಹಣ ಎಲ್ಲಿಂದ ಬರಬೇಕು? ಬೇರೆ ಖರ್ಚು ಕಡಿಮೆ ಮಾಡಿ ತಾನೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಬರೆದ ಲೇಖನ ಈ ಲೆಕ್ಕವನ್ನು ಬಿಡಿಸಿತು. ಕಾಯಿಲೆ ಬಿದ್ದ ಪ್ರಾಣಿ ಓಡಾಡುವುದಿಲ್ಲ, ಸ್ನಾಯುಗಳ ಖರ್ಚು ಉಳಿಯಿತು. ಮುದುಡಿ ಮಲಗುತ್ತದೆ, ಶಾಖ ಸೋರುವುದು ತಪ್ಪಿತು. ಮೇವು ಹುಡುಕಿ ಅಲೆಯುವುದಿಲ್ಲ, ದಾರಿಯಲ್ಲಿ ಹುಲಿಯ ಬಾಯಿಗೆ ಬೀಳುವುದೂ ತಪ್ಪಿತು. ಮೇವು ಬಿಟ್ಟ ಹಸು, ಗರಿ ಕೆದರಿಕೊಂಡು ಕೂತ ಕೋಳಿ, ಮೂಲೆ ಹಿಡಿದ ನಾಯಿ ಎಲ್ಲವೂ ಒಂದೇ ತಂತ್ರವನ್ನು ಪಾಲಿಸುತ್ತಿವೆ. ರೈತರು ತಲೆತಲಾಂತರದಿಂದ ಕಂಡಿದ್ದ ಸಂಗತಿಗೆ ಹಾರ್ಟ್ ಕಾರಣ ಹೇಳಿದರು.

ಕೋಟೆಯೊಳಗೆ ಸುದ್ದಿ ಮುಟ್ಟಿದ್ದು ಹೇಗೆ?

ಈಗ ಕಷ್ಟದ ಪ್ರಶ್ನೆ. ರೋಗಾಣು ಗಂಟಲಲ್ಲೋ ಕರುಳಲ್ಲೋ ಇದೆ. ಅದರ ಮೇಲೆ ಎರಗುವ ಬಿಳಿ ರಕ್ತಕಣಗಳೂ ಅಲ್ಲೇ ಇವೆ. ತಲೆಬುರುಡೆಯೊಳಗೆ ಭದ್ರವಾಗಿ ಕೂತ ಮಿದುಳಿಗೆ ಯುದ್ಧದ ಸುದ್ದಿ ತಲುಪಿಸುವವರು ಯಾರು?

ಮೊದಲ ಸುಳಿವು ಸಿಕ್ಕಿದ್ದು 1948ರಲ್ಲಿ. ಅಮೆರಿಕದ ವೈದ್ಯ ಪಾಲ್ ಬೀಸನ್ ಮೊಲಗಳ ಬಿಳಿ ರಕ್ತಕಣಗಳಿಂದ ಜ್ವರ ಬರಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. ಅಂದರೆ ಜ್ವರ ತರುವ ಪದಾರ್ಥವನ್ನು ನಮ್ಮ ಕಾವಲುಗಾರರೇ ತಯಾರಿಸುತ್ತಾರೆ! ಮುಂದೆ ಚಾರ್ಲ್ಸ್ ಡಿನರೆಲ್ಲೊ ಮತ್ತಿತರರು 1970ರ ದಶಕದಲ್ಲಿ ಅದನ್ನು ಶುದ್ಧೀಕರಿಸಿದರು. ಬೇರೆ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಹೆಸರಿನಿಂದ ಓಡಾಡುತ್ತಿದ್ದ ವಸ್ತುವೂ ಇದೇ ಎಂದು ಗೊತ್ತಾಗಿ ಇದಕ್ಕೆ ‘ಇಂಟರ್‌ಲ್ಯೂಕಿನ್-1’ ಎಂಬ ಹೆಸರು ನಿಂತಿತು. ಇಂಥ ಸಂದೇಶವಾಹಕ ಪ್ರೋಟೀನುಗಳ ಒಟ್ಟು ಬಳಗಕ್ಕೆ ಸೈಟೊಕೈನುಗಳು ಎಂದು ಹೆಸರು.

ಆದರೆ ಒಂದು ತೊಡಕು ಉಳಿಯಿತು. ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಸೈಟೊಕೈನುಗಳಂಥ ದೊಡ್ಡ ಅಣುಗಳು ಅದನ್ನು ಸುಲಭವಾಗಿ ದಾಟಲಾರವು. ಕೋಟೆಯ ಬಾಗಿಲು ಮುಚ್ಚಿರುವಾಗ ದೂತ ಒಳಗೆ ಹೋದದ್ದು ಹೇಗೆ? ಹುಡುಕುತ್ತ ಹೋದಂತೆ ಒಂದಲ್ಲ, ಹಲವು ದಾರಿಗಳು ಕಂಡವು.

ಒಂದು, ಕಿಂಡಿಯ ದಾರಿ. ಮಿದುಳಿನ ಕೆಲವು ಪುಟ್ಟ ಜಾಗಗಳಲ್ಲಿ ಈ ಗೋಡೆ ಬಿಗಿಯಾಗಿಲ್ಲ. ರಕ್ತದಲ್ಲಿ ಏನಿದೆ ಎಂದು ಇಣುಕಿ ನೋಡಲೆಂದೇ ಇಟ್ಟ ಕಿಂಡಿಗಳವು.

ಎರಡು, ಬಾಗಿಲಲ್ಲಿ ಓಲೆ ಕೊಡುವ ದಾರಿ. ಸೈಟೊಕೈನು ರಕ್ತನಾಳದ ಗೋಡೆಯ ಜೀವಕೋಶಕ್ಕೆ ಸುದ್ದಿ ಹೇಳಿ ಅಲ್ಲೇ ನಿಲ್ಲುತ್ತದೆ. ಆ ಜೀವಕೋಶ ಪ್ರೊಸ್ಟಗ್ಲಾಂಡಿನ್ ಎಂಬ ಚಿಕ್ಕ ಅಣುವನ್ನು ತಯಾರಿಸಿ ಒಳಕ್ಕೆ ಬಿಡುತ್ತದೆ. ಅದು ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಭಾಗವನ್ನು ಮುಟ್ಟಿ ಮೈಯ ಉಷ್ಣತೆಯ ಗುರಿಯನ್ನು ಮೇಲಕ್ಕೇರಿಸುತ್ತದೆ. ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದ ಹಾಗೆ. ಆಗ 98 ಡಿಗ್ರಿ ಫ್ಯಾರನ್‌ಹೀಟ್ ಇರುವ ಮೈ ಮಿದುಳಿನ ಪಾಲಿಗೆ ‘ತಣ್ಣಗಿದೆ’. ಆದ್ದರಿಂದಲೇ ಜ್ವರ ಏರುವಾಗ ಚಳಿ, ನಡುಕ. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಮೂರನೆಯದು ತಂತಿಯ ದಾರಿ. ಮಿದುಳಿನಿಂದ ಹೊರಟು ಎದೆ, ಹೊಟ್ಟೆಗಳವರೆಗೆ ಹರಿದಾಡುವ ವೇಗಸ್ ಎಂಬ ನರವಿದೆ. ಇದರ ಬಹುಪಾಲು ತಂತುಗಳು ಸುದ್ದಿಯನ್ನು ಒಯ್ಯುವುದು ಒಡಲಿನಿಂದ ಮಿದುಳಿಗೆ. ಫ್ರಾನ್ಸಿನ ರಾಬರ್ಟ್ ಡಾಂಟ್ಸೆ ಅವರ ತಂಡ, ಅಮೆರಿಕದ ಲಿಂಡಾ ವಾಟ್ಕಿನ್ಸ್ ಮತ್ತು ಸ್ಟೀವನ್ ಮೇಯರ್ ಅವರ ತಂಡ 1990ರ ದಶಕದಲ್ಲಿ ಈ ನರವನ್ನು ಕತ್ತರಿಸಿ ಪ್ರಯೋಗ ಮಾಡಿದವು. ಹೊಟ್ಟೆಯೊಳಗೆ ಸೋಂಕಿನ ವಸ್ತು ಚುಚ್ಚಿದರೂ ನರ ಕತ್ತರಿಸಿದ ಪ್ರಾಣಿಗಳು ಮೊದಲಿನಷ್ಟು ಮಂಕಾಗಲಿಲ್ಲ. ರಕ್ತಕ್ಕೇ ಚುಚ್ಚಿದಾಗ ಮಾತ್ರ ಮಂಕಾದವು. ಒಂದು ತಂತಿ ಕಡಿದರೂ ಬೇರೆ ದಾರಿಗಳು ತೆರೆದೇ ಇರುತ್ತವೆ ಎಂದಾಯಿತು.

ಇತ್ತೀಚಿನ ಶೋಧಗಳು ಇನ್ನೂ ಸೂಕ್ಷ್ಮ. 2022ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಡುಲಾಕ್ ಅವರ ಪ್ರಯೋಗಾಲಯ ಇಲಿಮರಿಗಾತ್ರದ ಮೂಷಿಕಗಳ ಹೈಪೋಥಲಮಸ್ ಬಳಿ ನರಕೋಶಗಳ ಒಂದು ಸಣ್ಣ ಗುಂಪನ್ನು ಗುರುತಿಸಿತು. ಆರೋಗ್ಯವಂತ ಮೂಷಿಕದಲ್ಲಿ ಈ ಗುಂಪನ್ನು ಚುರುಕುಗೊಳಿಸಿದರೆ ಸಾಕು, ಮೈ ಬಿಸಿಯಾಗುತ್ತದೆ, ಹಸಿವು ಹೋಗುತ್ತದೆ, ಅದು ಬೆಚ್ಚನೆಯ ಜಾಗ ಹುಡುಕುತ್ತದೆ. ಅದೇ ವರ್ಷ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಮಿದುಳಿನ ಕಾಂಡದಲ್ಲಿ ಇಂಥದೇ ಇನ್ನೊಂದು ಗುಂಪನ್ನು ಕಂಡಿತು. 2023ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸ್ಟೀಫನ್ ಲಿಬರ್ಲೆಸ್ ಅವರ ತಂಡ, ಫ್ಲೂ ಬಂದಾಗ ಗಂಟಲಿನ ಒಂದು ನರವೇ ಪ್ರೊಸ್ಟಗ್ಲಾಂಡಿನನ್ನು ಮೂಸಿ ಮಿದುಳಿಗೆ ವರದಿ ಮಾಡುತ್ತದೆ ಎಂದು ತೋರಿಸಿತು. ಇಲ್ಲೊಂದು ಅಚ್ಚರಿ: ಆ ನರವನ್ನು ಸುಮ್ಮನಾಗಿಸಿದಾಗ ಫ್ಲೂ ಬಂದ ಮೂಷಿಕಗಳು ಹೆಚ್ಚು ತಿಂದವು, ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ರೋಗಕಾಲದ ವರ್ತನೆ ಪ್ರತಿ ರೋಗದಲ್ಲೂ ಉಪಕಾರಿ ಎನ್ನುವಂತಿಲ್ಲ. ಪ್ರಕೃತಿಯ ಈ ಉಪಾಯ ಹಳೆಯದು, ಒಟ್ಟಾರೆ ಒಳ್ಳೆಯದು, ಆದರೆ ತಪ್ಪೇ ಮಾಡದ್ದಲ್ಲ.

ಊಟ ಬೇಡವೆಂಬ ಹಟ

ಜ್ವರಕ್ಕೆ ಲಂಘನವೇ ಮದ್ದು ಎಂಬ ಮಾತು ನಮ್ಮ ಹಿರಿಯರಲ್ಲಿದೆ. ಹೊಟ್ಟೆ ತುಂಬಿಸಿದರೆ ಶಕ್ತಿ ಎಂದು ನಂಬುವ ಅಮ್ಮಂದಿರೂ ಇದ್ದಾರೆ. ಯಾರು ಸರಿ?

1979ರಲ್ಲಿ ಮಿನೆಸೋಟಾದ ಮರ್ರೆ ದಂಪತಿಗಳು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿದ ಮೂಷಿಕಗಳಿಗೆ ಒತ್ತಾಯದಿಂದ ಆಹಾರ ತಿನ್ನಿಸಿ ನೋಡಿದರು. ತಾವಾಗಿ ಉಪವಾಸ ಬಿದ್ದವುಗಳಿಗಿಂತ ಇವೇ ಹೆಚ್ಚು ಸತ್ತವು. 2016ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ರುಸ್ಲಾನ್ ಮೆಡ್ಜಿಟೋವ್ ಅವರ ತಂಡ ಈ ಪ್ರಯೋಗವನ್ನು ಮುಂದುವರಿಸಿತು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಆಹಾರ, ಅದರಲ್ಲೂ ಗ್ಲೂಕೋಸು, ಅಪಾಯ ತಂದಿತು. ಫ್ಲೂ ವೈರಾಣುವಿನ ಸೋಂಕಿನಲ್ಲಾದರೋ ಆಹಾರ ಕೊಟ್ಟವೇ ಹೆಚ್ಚು ಉಳಿದವು! ಅಜ್ಜಿ, ಅಮ್ಮ ಇಬ್ಬರೂ ಅರ್ಧರ್ಧ ಸರಿ ಎನ್ನಬಹುದೇನೊ.

ಮೂಷಿಕದ ಲೆಕ್ಕವನ್ನು ಮಕ್ಕಳಿಗೆ ನೇರವಾಗಿ ಹಚ್ಚುವಂತಿಲ್ಲ, ಸಕ್ಕರೆ ಕಾಯಿಲೆ ಇರುವವರಿಗಂತೂ ಉಪವಾಸ ಕೂಡದು. ಆದರೆ ಒಂದು ಪಾಠ ಸ್ಪಷ್ಟ. ಒಂದೆರಡು ದಿನ ಮಗು ಕಡಿಮೆ ತಿಂದರೆ ಗಾಬರಿಯಾಗಬೇಕಿಲ್ಲ. ಮೂಗು ಹಿಡಿದು ತುರುಕಬೇಕಿಲ್ಲ. ಬಿಡಬಾರದ್ದು ನೀರು. ಗಂಜಿ, ತಿಳಿಸಾರು, ಎಳನೀರು, ಮಜ್ಜಿಗೆ ಏನಾದರೂ ಸರಿ, ಗುಟುಕು ಗುಟುಕಾಗಿ ಒಳಗೆ ಹೋಗುತ್ತಿರಬೇಕು.

ಮೇಕೆಯಿಂದ ಸಿಕ್ಕ ನಿದ್ದೆ

ಜ್ವರದ ನಿದ್ದೆಗೂ ಒಂದು ಸ್ವಾರಸ್ಯದ ಕಥೆಯಿದೆ. 1960ರ ದಶಕದಲ್ಲಿ ಹಾರ್ವರ್ಡಿನ ಜಾನ್ ಪಾಪನ್‌ಹೈಮರ್ ನಿದ್ದೆಗೆಡಿಸಿದ ಮೇಕೆಗಳ ಮಿದುಳಿನ ಸುತ್ತಲಿನ ದ್ರವವನ್ನು ತೆಗೆದು ಬೇರೆ ಪ್ರಾಣಿಗಳ ಮಿದುಳಿಗೆ ಹಾಕಿ ನೋಡಿದರು. ಅವು ಹೆಚ್ಚು ನಿದ್ರಿಸಿದವು. ಹಾಗಾದರೆ ದ್ರವದಲ್ಲಿ ನಿದ್ದೆ ತರುವ ವಸ್ತುವಿದೆ ಎಂದಾಯಿತು. ಅದನ್ನು ಹುಡುಕುತ್ತ ಅವರೂ ಜೇಮ್ಸ್ ಕ್ರೂಗರ್ ಮೊದಲಾದವರೂ ಅಪಾರ ಪ್ರಮಾಣದ ಮನುಷ್ಯ ಮೂತ್ರವನ್ನು ಸೋಸಿದರು. 1982ರಲ್ಲಿ ಉತ್ತರ ಸಿಕ್ಕಿತು. ಅದು ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿರುವ ಮ್ಯುರಾಮಿಲ್ ಪೆಪ್ಟೈಡ್! ನಿದ್ದೆಯ ಬೆನ್ನು ಹತ್ತಿ ಹೋದವರು ರೋಗಾಣುವಿನ ಮನೆ ಬಾಗಿಲು ತಟ್ಟಿದ್ದರು. ಬ್ಯಾಕ್ಟೀರಿಯಾದ ಚೂರು ಕಂಡೊಡನೆ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-1 ಬಿಡುತ್ತವೆ, ಅದು ನಿದ್ದೆ ತರಿಸುತ್ತದೆ ಎಂಬುದು ಮುಂದೆ ಗೊತ್ತಾಯಿತು.

ಪಾಠ ತಲೆಗೆ ಹತ್ತದ್ದೇಕೆ?

ವಿದ್ಯಾರ್ಥಿಗಳು ಗಮನಿಸಬೇಕಾದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಜರ್ಮನಿಯ ಮ್ಯೂನಿಕ್‌ನಲ್ಲಿ 20 ಮಂದಿ ಆರೋಗ್ಯವಂತ ಯುವಕರಿಗೆ ಬ್ಯಾಕ್ಟೀರಿಯಾದ ವಿಷವಸ್ತುವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡಲಾಯಿತು. ಬೇರೊಂದು ದಿನ ಬರೀ ಉಪ್ಪುನೀರು. ಯಾವ ದಿನ ಯಾವುದು ಎಂದು ಅವರಿಗೆ ಹೇಳಿರಲಿಲ್ಲ. ವಿಷವಸ್ತು ಕೊಟ್ಟ ದಿನ ಅವರ ಆತಂಕ ಹೆಚ್ಚಿತು, ಮನಸ್ಸು ಕುಗ್ಗಿತು, ನೆನಪಿನ ಪರೀಕ್ಷೆಗಳಲ್ಲಿ ಅಂಕ ಇಳಿಯಿತು. ರಕ್ತದಲ್ಲಿ ಸೈಟೊಕೈನು ಏರಿದಷ್ಟೂ ಈ ಬದಲಾವಣೆ ಹೆಚ್ಚು.

ನೆಗಡಿಯಂಥ ನೆಗಡಿಯೂ ಕಡಿಮೆಯದಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ 1946ರಿಂದ 1990ರವರೆಗೆ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ನಡೆಯಿತು. ಅಲ್ಲಿ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಸ್ಮಿತ್ 1980ರ ದಶಕದಲ್ಲಿ ಸ್ವಯಂಸೇವಕರನ್ನು ಪರೀಕ್ಷಿಸಿದರು. ನೆಗಡಿ ಬಂದವರಲ್ಲಿ ಕಣ್ಣು-ಕೈಗಳ ಹೊಂದಾಣಿಕೆ ತಪ್ಪಿತು. ಫ್ಲೂ ಬಂದವರು ಅನಿರೀಕ್ಷಿತ ಸೂಚನೆಗೆ ತಡವಾಗಿ ಪ್ರತಿಕ್ರಿಯಿಸಿದರು. ನೆಗಡಿ ಇದ್ದ ದಿನ ಲೆಕ್ಕ ತಪ್ಪುವುದು, ಕಾಗುಣಿತ ತಪ್ಪುವುದು ಅಲಕ್ಷ್ಯವೇ ಆಗಿರಬೇಕೆಂದಿಲ್ಲ.

ಮನಸ್ಸು ಮುದುಡುವುದಕ್ಕೆ ಇನ್ನೂ ಕಟುವಾದ ಸಾಕ್ಷ್ಯ ಆಸ್ಪತ್ರೆಗಳಿಂದ ಬಂತು. ಹೆಪಟೈಟಿಸ್-ಸಿ ರೋಗಕ್ಕೆ ಈಗಿನ ಮಾತ್ರೆಗಳು ಬರುವ ಮೊದಲು ಇಂಟರ್‌ಫೆರಾನ್ ಎಂಬ ಸೈಟೊಕೈನನ್ನೇ ಔಷಧವಾಗಿ ತಿಂಗಳುಗಟ್ಟಲೆ ಚುಚ್ಚುತ್ತಿದ್ದರು. ಕೆಲವು ಬಗೆಯ ಕ್ಯಾನ್ಸರಿಗೂ ಅದನ್ನೇ ಕೊಡುತ್ತಿದ್ದರು. ಹೀಗೆ ಚಿಕಿತ್ಸೆ ಪಡೆದವರಲ್ಲಿ ದೊಡ್ಡದೊಂದು ಪಾಲು ಜನ ತೀವ್ರ ಖಿನ್ನತೆಗೆ ಜಾರಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯದ ವೈದ್ಯರು 2001ರಲ್ಲಿ ಚರ್ಮದ ಕ್ಯಾನ್ಸರಿನ 40 ರೋಗಿಗಳ ವರದಿ ಪ್ರಕಟಿಸಿದರು. ಮೊದಲೇ ಖಿನ್ನತೆಯ ಔಷಧ ಕೊಟ್ಟವರಲ್ಲಿ ಖಿನ್ನತೆ ಕಂಡದ್ದು ಶೇಕಡಾ 11 ಮಂದಿಗೆ. ಕೊಡದವರಲ್ಲಿ ಶೇಕಡಾ 45 ಮಂದಿಗೆ. ಎಲ್ಲ ಖಿನ್ನತೆಗೂ ಇದೇ ಮೂಲವೆಂದಲ್ಲ. ಆದರೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಅಂಕಿಗಳನ್ನು ನೋಡಬೇಕು.

ಮುಖದಲ್ಲೇ ಬರೆದಿದೆ

ಕಾಯಿಲೆಯವನು ಯಾರೂ ಬೇಡವೆಂದು ಮೂಲೆ ಸೇರುವುದರಿಂದ ಊರಿಗೂ ಲಾಭವಿದೆ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ರಕ್ತ ಹೀರುವ ಬಾವಲಿಗಳ ಬೆನ್ನಿಗೆ ಪುಟ್ಟ ಸಂವೇದಕ ಅಂಟಿಸಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾದ ವಿಷವಸ್ತು ಚುಚ್ಚಿಸಿಕೊಂಡ ಬಾವಲಿಗಳು ಕಡಿಮೆ ಸಂಗಾತಿಗಳನ್ನು ಭೇಟಿಯಾದವು, ಕಡಿಮೆ ಹೊತ್ತು ಜೊತೆಗಿದ್ದವು. ಲೋಕವೆಲ್ಲ ‘ಅಂತರ ಕಾಯ್ದುಕೊಳ್ಳಿ’ ಎಂದು ಕೂಗುತ್ತಿದ್ದ ವರ್ಷವೇ ಈ ಸುದ್ದಿ ಬಂದದ್ದು ಕಾಕತಾಳೀಯ.

ಮನುಷ್ಯರು ಅದನ್ನು ಮುಖದಲ್ಲೇ ಓದಬಲ್ಲರು. ಸ್ವೀಡನ್ನಿನ ಸಂಶೋಧಕರು 16 ಸ್ವಯಂಸೇವಕರಿಗೆ ಅದೇ ವಿಷವಸ್ತು ಚುಚ್ಚಿ ಎರಡು ಗಂಟೆಗಳ ಬಳಿಕ ಫೋಟೊ ತೆಗೆದು 62 ಮಂದಿ ಅಪರಿಚಿತರಿಗೆ ತೋರಿಸಿದರು. ಬಿಳಿಚಿದ ತುಟಿ, ಊದಿದ ಮುಖ, ಜೋತ ಕಣ್ಣುರೆಪ್ಪೆ ನೋಡಿ ಯಾರು ಕಾಯಿಲೆಯವರು ಎಂದು ಅವರು ಊಹೆಗಿಂತ ಚೆನ್ನಾಗಿಯೇ ಗುರುತಿಸಿದರು. 2018ರಲ್ಲಿ ಬಂದ ವರದಿ ಇದು. ‘ಯಾಕೋ ಮಗು ಮಂಕಾಗಿದೆ’ ಎಂದು ಥರ್ಮಾಮೀಟರಿಗಿಂತ ಮೊದಲೇ ಹೇಳುವ ತಾಯಂದಿರಿಗೆ ಇದು ಹೊಸತೇನಲ್ಲ.

ಪೋಷಕರು ಮಾಡಬೇಕಾದ್ದು

ಮೊದಲನೆಯದು, ವಿಶ್ರಾಂತಿಯನ್ನು ಔಷಧವೆಂದೇ ತಿಳಿಯುವುದು. ಜ್ವರವಿದ್ದಾಗ ಓದಿಸಿದ್ದು ತಲೆಯಲ್ಲಿ ನಿಲ್ಲುವುದು ಕಡಿಮೆ. ಓದಿ ನಿಲ್ಲದೆ ಹೋದಾಗ ಹುಟ್ಟುವ ಭಯ ಮಾತ್ರ ಚೆನ್ನಾಗಿ ನಿಲ್ಲುತ್ತದೆ. ಜ್ವರ ಬಿಟ್ಟ ಮೇಲೂ ಕೆಲವು ದಿನ, ಡೆಂಗಿ, ಟೈಫಾಯಿಡ್‌ನಂಥ ಕಾಯಿಲೆಯಾದರೆ ಕೆಲವು ವಾರ ಸುಸ್ತು, ಮಂಕು ಉಳಿಯಬಹುದು. ಆ ದಿನಗಳಲ್ಲಿ ಮೂರು ಗಂಟೆ ಕೂರಿಸುವುದಕ್ಕಿಂತ ಅರ್ಧ ಗಂಟೆಯ ಓದು, ನಡುವೆ ಬಿಡುವು ಮೇಲು. ಶಾಲೆಗೂ ವಿಷಯ ತಿಳಿಸಿದರೆ ‘ಸೋಮಾರಿ’ ಎಂಬ ಹಣೆಪಟ್ಟಿ ತಪ್ಪುತ್ತದೆ.

ಎರಡನೆಯದು ಮಾತ್ರೆಯ ವಿಷಯ. ಇಗ್ವಾನಾ ಕಥೆ ಓದಿ ಜ್ವರದ ಮಾತ್ರೆಯನ್ನೇ ಬಿಡಬೇಕಿಲ್ಲ. ಮಗುವಿಗೆ ಸಂಕಟ ಹೆಚ್ಚಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಆದರೆ ಅದು ಕೊಡಬೇಕಾದ್ದು ಮಗುವಿನ ಸಂಕಟ ನೋಡಿ, ಥರ್ಮಾಮೀಟರಿನ ಗೆರೆ ನೋಡಿ ಅಲ್ಲ. ಶಾಲೆಗೆ ಅಟ್ಟುವುದಕ್ಕಂತೂ ಅಲ್ಲ. ಮಕ್ಕಳಿಗೆ ಜ್ವರದಲ್ಲಿ ಆಸ್ಪಿರಿನ್ ಕೂಡದು. ಅದರಿಂದ ಮಿದುಳು, ಯಕೃತ್ತುಗಳಿಗೆ ಅಪರೂಪದ, ಆದರೆ ಘೋರವಾದ ಕಾಯಿಲೆ ಬರಬಹುದು. ಡೆಂಗಿಯ ಸಂಶಯವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಂಕು ಬೇರೆ, ಪ್ರಜ್ಞೆ ತಪ್ಪುವುದು ಬೇರೆ. ಕರೆದರೆ ಕಣ್ಣು ಬಿಡುವ, ನೀರು ಕುಡಿಯುವ, ಅಮ್ಮನನ್ನು ಗುರುತಿಸುವ ಮಗು ಮಂಕಾಗಿದೆ ಅಷ್ಟೆ. ಎಬ್ಬಿಸಿದರೂ ಏಳದಿದ್ದರೆ, ಅರ್ಥವಿಲ್ಲದ ಮಾತಾಡಿದರೆ, ಫಿಟ್ಸ್ ಬಂದರೆ, ಕುತ್ತಿಗೆ ಸೆಟೆದರೆ, ಉಸಿರಾಟ ಕಷ್ಟವಾದರೆ, ಪದೇಪದೇ ವಾಂತಿಯಾದರೆ, ಮೂತ್ರ ನಿಂತರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಯ ಹಿರಿಯರಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಜ್ಜನಿಗೆ ಮೂತ್ರದ ಸೋಂಕೋ ನ್ಯುಮೋನಿಯಾವೋ ಬಂದಾಗ ಜ್ವರವೇ ಇಲ್ಲದೆ ಬರೀ ಗೊಂದಲದ ಮಾತು ಕಾಣಿಸಿಕೊಳ್ಳಬಹುದು. ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಹಾಗೆಯೇ ಕಾಯಿಲೆ ವಾಸಿಯಾಗಿ ವಾರಗಳಾದರೂ ಮಗು ನಗದಿದ್ದರೆ, ಗೆಳೆಯರನ್ನು ಸೇರದಿದ್ದರೆ ಅದೂ ವೈದ್ಯರಿಗೆ ಹೇಳಬೇಕಾದ ಸಂಗತಿಯೇ.

ತಾಯಿಯ ಲೆಕ್ಕ

ಕೊನೆಗೊಂದು ಪ್ರಯೋಗ. 1997ರಲ್ಲಿ ಫ್ರಾನ್ಸಿನಲ್ಲಿ ಡಾಂಟ್ಸೆ ಅವರ ಸಂಗಡಿಗರು ಮರಿ ಹಾಕಿದ ತಾಯಿ ಮೂಷಿಕಗಳಿಗೆ ಬ್ಯಾಕ್ಟೀರಿಯಾದ ವಿಷವಸ್ತು ಚುಚ್ಚಿದರು. ಗೂಡು ಬೆಚ್ಚಗಿದ್ದಾಗ ಕಾಯಿಲೆಯ ತಾಯಿ ಚದುರಿದ ಮರಿಗಳನ್ನು ಒಟ್ಟುಗೂಡಿಸಿತು, ಆದರೆ ಗೂಡು ಕಟ್ಟುವ ಗೋಜಿಗೆ ಹೋಗಲಿಲ್ಲ. ಗೂಡಿನ ಉಷ್ಣತೆಯನ್ನು 6 ಡಿಗ್ರಿಗೆ ಇಳಿಸಿದಾಗ ಗೂಡಿಲ್ಲದೆ ಮರಿಗಳು ಬದುಕುವಂತಿರಲಿಲ್ಲ. ಆಗ ಅದೇ ಕಾಯಿಲೆಯ ತಾಯಿ ಎದ್ದು ಗೂಡನ್ನೂ ಕಟ್ಟಿತು.

ಮಿದುಳು ಕಾಯಿಲೆಯಲ್ಲೂ ಲೆಕ್ಕ ಹಾಕುತ್ತಲೇ ಇರುತ್ತದೆ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು. ಜ್ವರದಲ್ಲೂ ಹುಡುಗ ಪರೀಕ್ಷೆಯ ದಿನ ಹೇಗೋ ಎದ್ದು ಕೂರುವುದು ಇದರಿಂದಲೇ. ಆದರೆ ‘ಎದ್ದನಲ್ಲ, ಹಾಗಾದರೆ ಕಾಯಿಲೆ ಇರಲೇ ಇಲ್ಲ’ ಎಂದರೆ ಅದು ತಪ್ಪು ಲೆಕ್ಕ. ಎದ್ದದ್ದಕ್ಕೆ ಶರೀರ ಸಾಲ ಮಾಡಿದೆ; ಆಮೇಲೆ ತೀರಿಸಬೇಕು.

ಈ ಮಾತು ಹುಡುಗನೊಬ್ಬನಿಗೇ ಅಲ್ಲ. ಮುಂದಿನ ವಾರ ಅದೇ ಜ್ವರ ಅವನ ಅಮ್ಮನಿಗೆ ಬರುತ್ತದೆ. ಅವಳು ಸೆರಗು ಬಿಗಿದು ಒಲೆಯ ಮುಂದೆ ನಿಲ್ಲುತ್ತಾಳೆ, ಡಬ್ಬಿ ಕಟ್ಟುತ್ತಾಳೆ. ಮನೆಯವರು ಅವಳಿಗೆ ಅಷ್ಟೇನೂ ಜ್ವರವಿಲ್ಲ ಎಂದುಕೊಳ್ಳುತ್ತಾರೆ. ಜ್ವರ ಅವಳಿಗೂ ಅಷ್ಟೇ ಇದೆ. ಗೂಡು ತಣ್ಣಗಾಗಿದೆ ಎಂದು ಅವಳ ಮಿದುಳು ತಿಳಿದಿದೆ, ಅಷ್ಟೆ. ಆ ದಿನ ಮನೆಯವರೇ ಅನ್ನ ಬೇಯಿಸಿಕೊಂಡು, ಅವಳಿಗೊಂದು ಲೋಟ ಗಂಜಿ ಕೊಟ್ಟು ‘ಮಲಗು’ ಎಂದರೆ, ಅವಳಿಗೆ ಅದಕ್ಕಿಂತ ಒಳ್ಳೆಯ ಔಷಧ ಬೇರಿಲ್ಲ.